ಡ್ಯಾನ್ಯೂಬ್ ಗುಂಟ ಸೈಕಲ್, ಮಕ್ಕಳ ಸಂಗಡ

ವಾಹನಗಳ ಕಾಟವಿಲ್ಲದ ಸೈಕಲ್ ದಾರಿಗಳಲ್ಲಿ ಹೆಚ್ಚಿನವು ಸೈಕಲ್ಲಿಗೆಂದು ಹುಟ್ಟಿದವಲ್ಲ. ಕೆಲವು ಹಿಂದೊಮ್ಮೆ ರೈಲು ಓಡಿದ ಹಳಿಯ ಜಾಗ, ಕೆಲವು ಪ್ರವಾಹ ತಡೆಯಲು ಕಟ್ಟಿದ ಏರಿ, ಇನ್ನು ಕೆಲವು ದೋಣಿಗಳಿಗೆ ಹಗ್ಗ ಬಿಗಿದು ಕುದುರೆಗಳಿಂದ ಎಳೆಸುತ್ತಿದ್ದ ನದಿದಂಡೆ. ದಾರಿಯ ಹಳೆಯ ಕಸುಬು ಯಾವುದೆಂದು ಗೊತ್ತಾದರೆ ಏರು ಎಷ್ಟಿದ್ದೀತು, ನೆರಳು ಸಿಕ್ಕೀತೇ, ಊರುಗಳು ಎಷ್ಟು ದೂರಕ್ಕೊಂದು ಇದ್ದಾವು ಎಂಬುದೆಲ್ಲ ನಕ್ಷೆ ಬಿಡಿಸುವ ಮೊದಲೇ ಅಂದಾಜಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೊರದೇಶದಲ್ಲಿ ಹತ್ತು ಹನ್ನೆರಡು ದಿನ ಸೈಕಲ್ ತುಳಿಯಬೇಕೆಂದಿರುವ ಕುಟುಂಬ ಯೋಚನೆ ಶುರುಮಾಡಬೇಕಾದ್ದು ಇಲ್ಲಿಂದ.

ರೈಲು ಹಳಿಯ ಮೇಲಿನ ದಾರಿಗೆ ಒಳ್ಳೆಯ ಉದಾಹರಣೆ ಅಮೆರಿಕದ ಗ್ರೇಟ್ ಅಲೆಗೇನಿ ಪ್ಯಾಸೇಜ್. ಪಿಟ್ಸ್‌ಬರ್ಗ್‌ನಿಂದ ಕಂಬರ್ಲೆಂಡ್‌ವರೆಗೆ ಸುಮಾರು 240 ಕಿ.ಮೀ. ಅಲ್ಲಿಂದ ಮುಂದೆ ಹಳೆಯ ಸಿ ಅಂಡ್ ಓ ಕಾಲುವೆಯ ದಂಡೆ ಹಿಡಿದರೆ ಮತ್ತೆ ಸುಮಾರು 297 ಕಿ.ಮೀ. ವಾಷಿಂಗ್ಟನ್ ನಗರದೊಳಕ್ಕೇ ಕರೆದೊಯ್ಯುತ್ತದೆ. ಆ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ವೀಸಾ, ವಿಮಾನ ಯಾವುದರ ತಲೆನೋವೂ ಇಲ್ಲದೆ ಸಿಗುವ ದಾರಿ. ಆದರೆ ರೈಲಿನ ಏರು ಮೋಸದ್ದು. ಕಣ್ಣಿಗೆ ಕಾಣುವುದಿಲ್ಲ, ಮುಗಿಯುವುದೂ ಇಲ್ಲ. ನಡುವೆ 729 ಮೀಟರ್ ಎತ್ತರದ ಜಲವಿಭಾಜಕವನ್ನು ದಾಟಬೇಕು, ಊರುಗಳ ನಡುವಿನ ಅಂತರವೂ ಹೆಚ್ಚು. ನ್ಯೂಜಿಲೆಂಡ್‌ನ 152 ಕಿ.ಮೀ. ಉದ್ದದ ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್ ಕೂಡ ಸುಂದರವೇ, ಆದರೆ ಬಯಲು, ಗಾಳಿ, ಬಿಸಿಲು ಮೂರೂ ಜೋರು. ಮೊದಲ ಸಲ ಹೊರಡುವ, ಅದರಲ್ಲೂ ಎಂಟು ಹತ್ತು ವರ್ಷದ ಮಕ್ಕಳಿರುವ ಮನೆಗೆ ನಾನು ಹೇಳುವುದು ಕುದುರೆಗಳ ದಂಡೆಯನ್ನೇ: ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ, ಡ್ಯಾನ್ಯೂಬ್ ನದಿಯ ಪಕ್ಕದ ಸುಮಾರು 320 ಕಿ.ಮೀ.

ಕಾರಣಗಳಿವೆ. ಉಪ್ಪಿನ ದೋಣಿಗಳನ್ನು ಪ್ರವಾಹದ ಎದುರು ಎಳೆಯುವ ಕುದುರೆಗಳಿಗೆ ನೀರಿನ ಅಂಚಿನಲ್ಲೇ ಸಮತಟ್ಟು ದಾರಿ ಬೇಕಿತ್ತು. ಇವತ್ತಿನ ಸೈಕಲ್ ದಾರಿ ಬಹುಪಾಲು ಅದೇ ದಂಡೆಯ ಮೇಲೆ ಡಾಂಬರು ಹೊದ್ದು ಮಲಗಿದೆ. ಪಾಸಾವ್‌ನಿಂದ ವಿಯೆನ್ನಾಕ್ಕೆ ನದಿ ಇಳಿಯುವುದು ನೂರಮೂವತ್ತು ಮೀಟರಿನ ಆಸುಪಾಸು ಅಷ್ಟೆ, ಆದರೂ ನಾವು ಇಳಿಮುಖದಲ್ಲೇ ಇರುತ್ತೇವೆ. ಗಾಳಿ ಕೂಡ ಹೆಚ್ಚಿನ ದಿನಗಳಲ್ಲಿ ಪಶ್ಚಿಮದಿಂದ, ಅಂದರೆ ಬೆನ್ನಿಗೆ. ಇವೆಲ್ಲಕ್ಕಿಂತ ದೊಡ್ಡದು, ಕೈಸೋತಾಗ ಹೊರಬರಲು ಇರುವ ದಾರಿಗಳು. ಮಗುವಿಗೆ ಜ್ವರ ಬಂದರೆ, ಮಳೆ ಹಿಡಿದರೆ, ಅಜ್ಜಿಯ ಮಂಡಿ ಹಟ ಮಾಡಿದರೆ ಸೈಕಲ್ ಸಮೇತ ಹತ್ತಬಹುದಾದ ಪ್ಯಾಸೆಂಜರ್ ರೈಲೋ ನದಿಯ ಹಡಗೋ ಬಹುತೇಕ ಹಂತಗಳಲ್ಲಿ ಸಿಗುತ್ತದೆ. ಕುಟುಂಬದ ಪ್ರವಾಸಕ್ಕೆ ದಾರಿಯ ಅಂದಕ್ಕಿಂತ ಈ ಗುಣ ಮುಖ್ಯ ಎಂದೇ ನನ್ನ ತೀರ್ಮಾನ. ಬಿಡಿಸಿಕೊಳ್ಳಲು ಆಗದ ದಾರಿ ಎಷ್ಟೇ ಚೆನ್ನಾಗಿದ್ದರೂ ಮಕ್ಕಳಿಗೆ ಅದು ಶಿಕ್ಷೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇದು ನೂರಕ್ಕೆ ನೂರು ವಾಹನರಹಿತವಲ್ಲ. ಊರೊಳಗಿನ ಬೀದಿ, ಟ್ರ್ಯಾಕ್ಟರ್ ಓಡಾಡುವ ಹೊಲದ ರಸ್ತೆ, ಹೆದ್ದಾರಿಯ ಪಕ್ಕದಲ್ಲೇ ಪ್ರತ್ಯೇಕವಾಗಿ ಹಾಕಿದ ಪಥ ಇವೆಲ್ಲ ನಡುನಡುವೆ ಬರುತ್ತವೆ. ಆದರೆ ಬಹುಪಾಲು ದೂರಕ್ಕೆ ನದಿಯ ಎರಡೂ ದಡದಲ್ಲಿ ದಾರಿಯಿದೆ. ಯಾವ ಭಾಗದಲ್ಲಿ ಯಾವ ದಡ ಎಂದು ಹಿಂದಿನ ರಾತ್ರಿಯೇ ನೋಡಿಕೊಂಡರೆ ಕಾರುಗಳನ್ನು ಬಹಳಷ್ಟು ತಪ್ಪಿಸಬಹುದು. ಯೋಖನ್‌ಸ್ಟೈನ್ ಜಲವಿದ್ಯುತ್ ಅಣೆಕಟ್ಟಿನಿಂದ ಮುಂದೆ ಎಡದಂಡೆ ಹಿಡಿಯಿರಿ, ಕಾಡು ಮತ್ತು ನೀರಿನ ನಡುವೆ ಹೋಗುವ ಆ ಭಾಗ ಇಡೀ ಪ್ರಯಾಣದಲ್ಲೇ ನೆಮ್ಮದಿಯದು. ಲಿಂಟ್ಸ್ ನಗರದಿಂದ ಮೌಟ್‌ಹೌಸನ್‌ವರೆಗೂ ಎಡವೇ ವಾಸಿ. ಗ್ರೈನ್‌ನಿಂದ ಇಬ್ಸ್‌ವರೆಗೆ ಬಲದಂಡೆ. ಮೆಲ್ಕ್ ದಾಟಿದ ಮೇಲೆ ನೋಡುವ ಊರುಗಳೆಲ್ಲ ಎಡಕ್ಕೆ, ಜನ ಕಡಿಮೆ ಇರುವುದು ಬಲಕ್ಕೆ. ಕ್ರೆಮ್ಸ್‌ನಿಂದ ವಿಯೆನ್ನಾಕ್ಕೆ ಬಲ. ಎಡ ಬಲ ಎನ್ನುವಾಗ ನದಿ ಹರಿಯುವ ಕಡೆಗೆ ಮುಖ ಮಾಡಿ ನಿಂತ ಲೆಕ್ಕ.

ದಡ ಬದಲಿಸಲು ಸೇತುವೆಗಳಿವೆ, ವಿದ್ಯುತ್ ಅಣೆಕಟ್ಟುಗಳ ಮೇಲೂ ಸೈಕಲ್ ದಾಟಿಸಬಹುದು. ಆದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ದೋಣಿ. ಲಿಂಟ್ಸ್‌ಗೆ ಸ್ವಲ್ಪ ಮೊದಲು ಒಟೆನ್ಸ್‌ಹೈಮ್‌ನಲ್ಲಿ ಒಂದು ದೋಣಿಯಿದೆ, ಕಾರು, ಸೈಕಲ್, ಮನುಷ್ಯರು ಎಲ್ಲರನ್ನೂ ಹೊತ್ತು ದಾಟುತ್ತದೆ, ಎಂಜಿನ್ ಸದ್ದೇ ಇಲ್ಲ. ನದಿಗೆ ಅಡ್ಡಲಾಗಿ ಎತ್ತರದಲ್ಲಿ ಉಕ್ಕಿನ ಹಗ್ಗ ಬಿಗಿದಿದ್ದಾರೆ. ಅದರ ಮೇಲೆ ಉರುಳುವ ರಾಟೆಗೆ ದೋಣಿಯನ್ನು ಕಟ್ಟಿದ್ದಾರೆ. ಅಂಬಿಗ ದೋಣಿಯ ಮೂತಿಯನ್ನು ಪ್ರವಾಹಕ್ಕೆ ಓರೆಯಾಗಿ ತಿರುಗಿಸುತ್ತಾನೆ. ನೀರು ಆ ಓರೆ ಮೈಯನ್ನು ತಳ್ಳುತ್ತದೆ, ಹಗ್ಗ ಕೆಳಕ್ಕೆ ಕೊಚ್ಚಿಹೋಗಲು ಬಿಡುವುದಿಲ್ಲ, ಉಳಿದ ಒಂದೇ ದಿಕ್ಕು ಎದುರಿನ ದಡ. ವಾಪಸ್ ಬರಲು ಮೂತಿಯನ್ನು ಆ ಕಡೆಗೆ ಓರೆ ಮಾಡಿದರಾಯಿತು. ಸ್ಪಿಟ್ಸ್ ಮತ್ತು ವೈಸನ್‌ಕಿರ್ಖನ್‌ನಲ್ಲೂ ಇದೇ ಬಗೆಯ ದೋಣಿಗಳಿವೆ. ಶಾಲೆಯ ವಿಜ್ಞಾನ ಪುಸ್ತಕದ ಬಲಗಳ ಪಾಠ ಓದಿದ ಮಗುವಿದ್ದರೆ ಆ ಹಗ್ಗದ ಕಡೆ ಒಮ್ಮೆ ಬೆರಳು ತೋರಿಸಿ, ಉಳಿದದ್ದನ್ನು ಅದೇ ಬಿಡಿಸಿಕೊಳ್ಳುತ್ತದೆ.

ದಿನಕ್ಕೆ ಎಷ್ಟು ದೂರ ಎನ್ನುವ ಪ್ರಶ್ನೆಗೆ ಮನೆಯ ಅತ್ಯಂತ ಚಿಕ್ಕ ಕಾಲುಗಳು ಉತ್ತರ ಹೇಳಬೇಕು. ಪುಸ್ತಕಗಳಲ್ಲಿ ಇಡೀ ದಾರಿಯನ್ನು ಏಳು ದಿನಕ್ಕೆ ಹಂಚಿರುತ್ತಾರೆ, ದಿನಕ್ಕೆ ನಲವತ್ತರಿಂದ ಅರವತ್ತು ಕಿ.ಮೀ. ಅದು ದೊಡ್ಡವರ ಲೆಕ್ಕ. ಸ್ವಂತ ಸೈಕಲ್ ತುಳಿಯುವ ಎಂಟು ಹತ್ತು ವರ್ಷದ ಮಗುವಿಗೆ ಇಪ್ಪತ್ತರಿಂದ ಮೂವತ್ತು ಸಾಕು. ನಿಲ್ಲುವುದು, ಕಲ್ಲೆಸೆಯುವುದು, ಐಸ್‌ಕ್ರೀಮ್, ಶೌಚ ಎಲ್ಲ ಸೇರಿ ಗಂಟೆಗೆ ಎಂಟು ಹತ್ತು ಕಿ.ಮೀ. ವೇಗ ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಆ ದಿನದ ಸವಾರಿ ಮುಗಿದಿರುತ್ತದೆ. ಈ ಲೆಕ್ಕದಲ್ಲಿ ಪಾಸಾವ್‌ನಿಂದ ಎಂಗೆಲ್‌ಹಾರ್ಟ್ಸ್‌ಜೆಲ್, ಅಲ್ಲಿಂದ ಶ್ಲೋಗನ್, ಆಶಾಖ್, ಲಿಂಟ್ಸ್, ಮೌಟ್‌ಹೌಸನ್, ಗ್ರೈನ್, ಇಬ್ಸ್, ಮೆಲ್ಕ್, ಸ್ಪಿಟ್ಸ್, ಕ್ರೆಮ್ಸ್, ಟ್ರೈಸ್‌ಮಾವರ್, ಟುಲ್ನ್, ವಿಯೆನ್ನಾ. ಇವುಗಳಲ್ಲಿ ಮೌಟ್‌ಹೌಸನ್‌ನಿಂದ ಗ್ರೈನ್ ಮತ್ತು ಕೊನೆಯದಾದ ಟುಲ್ನ್‌ನಿಂದ ವಿಯೆನ್ನಾ ಮಾತ್ರ ಸ್ವಲ್ಪ ಉದ್ದ. ಲಿಂಟ್ಸ್ ಮತ್ತು ಮೆಲ್ಕ್‌ನಲ್ಲಿ ಒಂದೊಂದು ದಿನ ಸೈಕಲ್ ಮುಟ್ಟದೆ ಇದ್ದುಬಿಡಿ. ರಜೆ ಕಡಿಮೆಯಿದ್ದರೆ ದಿನದ ದೂರ ಹೆಚ್ಚಿಸುವ ಬದಲು ನಡುವಿನ ಒಂದು ತುಂಡನ್ನು, ಉದಾಹರಣೆಗೆ ಲಿಂಟ್ಸ್‌ನಿಂದ ಮೆಲ್ಕ್‌ವರೆಗೆ, ರೈಲಿನಲ್ಲಿ ದಾಟುವುದು ಮೇಲು.

ಯಾವಾಗ ಹೋಗುವುದು? ನಮ್ಮ ಶಾಲೆಗಳ ಬೇಸಿಗೆ ರಜೆಗೆ ಮೇ ತಿಂಗಳ ದ್ವಿತೀಯಾರ್ಧ ಚೆನ್ನಾಗಿ ಹೊಂದುತ್ತದೆ. ಆ ಹೊತ್ತಿಗೆ ಅಲ್ಲಿ ರಾತ್ರಿ ಎಂಟೂವರೆವರೆಗೂ ಬೆಳಕಿರುತ್ತದೆ. ತಿಂಗಳ ನಡುವೆ, ಸುಮಾರು 11ರಿಂದ 15ರವರೆಗೆ, ಮತ್ತೊಮ್ಮೆ ಚಳಿ ಮರುಕಳಿಸುತ್ತದೆಂಬ ನಂಬಿಕೆ ಅಲ್ಲಿನ ರೈತರಲ್ಲಿದೆ. ಸ್ವೆಟರ್, ಕೈಗವಸು ಇಟ್ಟುಕೊಳ್ಳಿ. ಇದೇ ಅವಧಿಯಲ್ಲಿ ಕ್ರೈಸ್ತರ ಗುರುವಾರ, ಸೋಮವಾರದ ಹಬ್ಬದ ರಜೆಗಳು ಬಂದು ಸ್ಥಳೀಯರೂ ಸೈಕಲ್ ಏರಿ ಹೊರಡುತ್ತಾರೆ, ಆ ವಾರಾಂತ್ಯಗಳಿಗೆ ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿಯಬೇಕು. ದಸರಾ ರಜೆಗೆ ಹೋಗುತ್ತೇವೆನ್ನುವವರಿಗೆ ನನ್ನ ಒತ್ತಾಸೆಯಿಲ್ಲ. ಅಕ್ಟೋಬರ್‌ನಲ್ಲಿ ಆರು ಗಂಟೆ ದಾಟುತ್ತಲೇ ಕತ್ತಲು, ಸೈಕಲ್ ದೋಣಿಗಳು ವೇಳೆ ಕಡಿತ ಮಾಡುತ್ತವೆ, ಕೆಲವು ನಿಂತೇಹೋಗುತ್ತವೆ.

ಪ್ರವಾಹವನ್ನೂ ಲೆಕ್ಕದಲ್ಲಿಡಬೇಕು. ಪಾಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಜ್ ಎಂಬ ಮೂರು ನದಿಗಳು ಕೂಡುತ್ತವೆ. ಊರಿನ ಹಳೆಯ ಪುರಭವನದ ಗೋಪುರದ ಗೋಡೆಯ ಮೇಲೆ ಪ್ರತಿ ದೊಡ್ಡ ನೆರೆಯ ಎತ್ತರಕ್ಕೊಂದು ಗೆರೆ, ಪಕ್ಕದಲ್ಲಿ ವರ್ಷ. 2013ರ ಜೂನ್‌ನಲ್ಲಿ ನೀರು 12.89 ಮೀಟರ್ ಮುಟ್ಟಿತು, 1501ರ ನಂತರ ಅಷ್ಟು ಏರಿರಲಿಲ್ಲ. ಮಗುವನ್ನು ಆ ಗೆರೆಗಳ ಕೆಳಗೆ ನಿಲ್ಲಿಸಿದರೆ ತಲೆಯ ಮೇಲೆ ಇನ್ನೂ ಎಷ್ಟು ನೀರಿತ್ತು ಎನ್ನುವುದು ಕಣ್ಣಿಗೇ ಕಾಣುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಲೋವರ್ ಆಸ್ಟ್ರಿಯಾ ಪ್ರಾಂತ್ಯ ಮತ್ತೆ ಮುಳುಗಿತು. ನದಿ ಉಕ್ಕಿದಾಗ ದಂಡೆಯ ದಾರಿಯನ್ನು ಮುಚ್ಚುತ್ತಾರೆ. ತಡೆಗಟ್ಟು ಕಂಡರೆ ಅದನ್ನು ಸುತ್ತಿ ಹೋಗುವ ಸಾಹಸ ಬೇಡ, ಹತ್ತಿರದ ರೈಲು ನಿಲ್ದಾಣ ಹುಡುಕಿ.

ಇನ್ನು ವೀಸಾ. ಪಾಸಾವ್ ಜರ್ಮನಿಯಲ್ಲಿದ್ದರೂ ಹೆಚ್ಚು ರಾತ್ರಿ ಕಳೆಯುವುದು ಆಸ್ಟ್ರಿಯಾದಲ್ಲಿ, ಹಾಗಾಗಿ ಷೆಂಗೆನ್ ಅರ್ಜಿಯನ್ನು ಆಸ್ಟ್ರಿಯಾಕ್ಕೇ ಸಲ್ಲಿಸಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಸಲ್ಲಿಸಬಹುದು, ಕೊನೆಯ ಗಡುವು 15 ದಿನ. ಬೇಸಿಗೆಯ ನೂಕುನುಗ್ಗಲಿನಲ್ಲಿ ಕೊನೆಯ ಗಡುವನ್ನು ನಂಬಬೇಡಿ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರತಿ ರಾತ್ರಿಯ ವಸತಿಗೂ ದಾಖಲೆ ಕೇಳುವುದರಿಂದ ರದ್ದು ಮಾಡಬಹುದಾದ ಬುಕಿಂಗನ್ನೇ ಮಾಡಿ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಆ ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲಿ ಸೈಕಲ್ ಸವಾರಿ ಸೇರಿದೆಯೇ ಎಂದು ಸಾಲು ಸಾಲಾಗಿ ಓದಿ, ಏಜೆಂಟರ ಬಾಯಿಮಾತು ಸಾಲದು. ಮಕ್ಕಳು ತಾಯಿ ಅಥವಾ ತಂದೆ ಒಬ್ಬರ ಜೊತೆ ಮಾತ್ರ ಹೊರಡುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು.

ವಿಮಾನಕ್ಕೆ ನಾನು ಸೂಚಿಸುವುದು ಹೋಗಿಬರುವುದೆರಡೂ ವಿಯೆನ್ನಾ. ಮೊದಲ ರಾತ್ರಿ ಅಲ್ಲೇ ತಂಗಿ, ಕೊನೆಯಲ್ಲೂ ಅದೇ ಹೋಟೆಲನ್ನು ಕಾದಿರಿಸಿ, ದೊಡ್ಡ ಸೂಟ್‌ಕೇಸುಗಳನ್ನು ಅಲ್ಲೇ ಬಿಟ್ಟು, ಎರಡೂವರೆ ಗಂಟೆಯ ಆಸುಪಾಸಿನ ರೈಲಿನಲ್ಲಿ ಪಾಸಾವ್ ಸೇರುವುದು. ಆಸ್ಟ್ರಿಯಾದ ರೈಲಿನಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಬೇಡ, 14ರವರೆಗೆ ಅರ್ಧ. ಸೈಕಲ್ಲನ್ನು ಇಲ್ಲಿಂದ ವಿಮಾನದಲ್ಲಿ ಸಾಗಿಸುವ ಗೊಡವೆಯೇ ಬೇಡ: ಪಾಸಾವ್‌ನಲ್ಲಿ ಬಾಡಿಗೆಗೆ ಪಡೆದು ವಿಯೆನ್ನಾದಲ್ಲಿ ಬಿಟ್ಟುಬರುವ ವ್ಯವಸ್ಥೆ ದಶಕಗಳಿಂದ ನಡೆದುಬಂದಿದೆ. ನಿಮ್ಮ ಚೀಲಗಳನ್ನು ದಿನವೂ ಮುಂದಿನ ವಸತಿಗೆ ತಲುಪಿಸುವ ಸೇವೆಯೂ ಉಂಟು. ಇದಕ್ಕೆ ಕೊಡುವ ಹಣ ಎಲ್ಲ ಖರ್ಚುಗಳಲ್ಲಿ ಅತ್ಯಂತ ಸಾರ್ಥಕ. ಸೈಕಲ್ ಮೇಲೆ ಮಳೆ ಅಂಗಿ, ತಿಂಡಿ, ಔಷಧ, ಪಾಸ್‌ಪೋರ್ಟ್ ಇದ್ದರೆ ಮುಗಿಯಿತು.

ಬಾಡಿಗೆ ಸೈಕಲ್ ಕಾದಿರಿಸುವಾಗ ಪ್ರತಿಯೊಬ್ಬರ ಎತ್ತರ, ಕಾಲಿನ ಒಳ ಅಳತೆ ಬರೆದು ಕಳಿಸಿ. ಮಕ್ಕಳ ಅಳತೆಯ ಸೈಕಲ್ಲುಗಳೇ ಮೊದಲು ಖಾಲಿಯಾಗುವುದು. ಐದಾರು ವರ್ಷದವರಿಗೆ ದೊಡ್ಡವರ ಸೈಕಲ್ಲಿನ ಹಿಂದೆ ಕೂಡಿಸುವ ಅರೆಸೈಕಲ್, ಅದಕ್ಕೂ ಚಿಕ್ಕವರಿಗೆ ಮುಚ್ಚಿದ ಟ್ರೇಲರ್ ಸಿಗುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ನಮ್ಮವರು ಗಮನವಿಟ್ಟು ಕೇಳಬೇಕು. ಒಂದು, ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅಲ್ಲಿ ಎಡಗೈಯದು ಮುಂದಿನದಕ್ಕೆ. ಅಭ್ಯಾಸಬಲದಿಂದ ಎಡಗೈಯನ್ನು ಜೋರಾಗಿ ಹಿಡಿದರೆ ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಎರಡು, ಅಲ್ಲಿನ ಬಹಳಷ್ಟು ಬಾಡಿಗೆ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ನಿಲ್ಲುತ್ತದೆ. ನಮ್ಮ ಮಕ್ಕಳು ಪೆಡಲನ್ನು ಆಟಕ್ಕೆ ಹಿಂದಕ್ಕೆ ತಿರುಗಿಸುತ್ತ ಸಾಗುವವರು. ಅವರಿಗೆ ಈ ಬ್ರೇಕ್ ಧುತ್ತೆಂದು ಎದುರಾದರೆ ಬೀಳುವುದು ಖಂಡಿತ. ಬೇಡವೆಂದರೆ ಕಾದಿರಿಸುವಾಗಲೇ ಪೆಡಲ್ ಬ್ರೇಕ್ ಇಲ್ಲದ ಮಾದರಿಯನ್ನು ಕೇಳಿ. ಹೇಗಿದ್ದರೂ ಮೊದಲ ದಿನ ಪಾಸಾವ್‌ನ ಖಾಲಿ ಜಾಗವೊಂದರಲ್ಲಿ ಅರ್ಧ ಗಂಟೆ ಹೋಗುವುದು, ನಿಲ್ಲುವುದು, ತಿರುಗುವುದು ಇಷ್ಟನ್ನೇ ಮಾಡಿಸಿ, ಆಮೇಲೆ ಹೊರಡಿ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬಲಬದಿಯ ಸಂಚಾರ. ನೇರ ಹೋಗುವಾಗ ಮಗು ಬಲಕ್ಕೇ ಇರುತ್ತದೆ, ನಿಂತು ಮತ್ತೆ ಹೊರಡುವಾಗ ತಪ್ಪಿ ಎಡಕ್ಕೆ ಹೋಗುತ್ತದೆ. ಅದರಿಂದ ಪ್ರತಿ ನಿಲುಗಡೆಯ ನಂತರ ದೊಡ್ಡವರೊಬ್ಬರು ಮುಂದೆ, ಒಬ್ಬರು ಕೊನೆಗೆ, ಮಕ್ಕಳು ನಡುವೆ ಎಂಬ ಕ್ರಮ ಮುರಿಯಬೇಡಿ. ಆಸ್ಟ್ರಿಯಾದಲ್ಲಿ 12 ವರ್ಷದೊಳಗಿನವರಿಗೆ ಹೆಲ್ಮೆಟ್ ಕಾನೂನು, ಟ್ರೇಲರ್‌ನಲ್ಲಿ ಕೂತ ಮಗುವಿಗೂ ಅದು ಅನ್ವಯ. ಹೊರಡುವ ಮುಂಚಿನ ಎರಡು ಮೂರು ತಿಂಗಳು ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಕಿ.ಮೀ. ಎಲ್ಲರೂ ಒಟ್ಟಿಗೆ ತುಳಿದರೆ ಕಾಲಿಗಿಂತ ಮೊದಲು ಕೂರುವ ಜಾಗ ಪಳಗುತ್ತದೆ. ಬೆಂಗಳೂರಿನವರಿಗೆ ವಾಹನ ನಿಷೇಧವಿರುವ ಭಾನುವಾರ ಬೆಳಗಿನ ಕಬ್ಬನ್ ಪಾರ್ಕ್ ಇದಕ್ಕೆ ಅನುಕೂಲ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಹೆಚ್ಚು, ಆದರೆ ಆಸ್ಟ್ರಿಯಾದ ಹಳ್ಳಿಯ ಹೋಟೆಲು ಉಪವಾಸ ಕೆಡವುವುದಿಲ್ಲ. ಕ್ಯೇಸ್‌ಷ್ಪೆಟ್ಸ್ಲೆ ಎಂಬ ಚೀಸ್ ಬೆರೆಸಿದ ಹಿಟ್ಟಿನ ತುಣುಕುಗಳು, ತರಕಾರಿ ಸ್ಟ್ರೂಡಲ್, ಹಾಗೂ ಮಕ್ಕಳು ದಿನವೂ ಕೇಳುವ ಕೈಸರ್‌ಷ್ಮಾರ್ನ್ (ಮೊಟ್ಟೆ ಇರುತ್ತದೆ). ಎಚ್ಚರ ಬೇಕಾದ್ದು ಸೂಪಿನಲ್ಲಿ: ನೋಡಲು ತಿಳಿಸಾರಿನಂತಿದ್ದರೂ ಬಹುತೇಕ ದನದ ಮಾಂಸ ಬೇಯಿಸಿದ ನೀರು. ಚಟ್ನಿಪುಡಿ, ಗೊಜ್ಜವಲಕ್ಕಿ, ಹುರಿಗಡಲೆ ಧಾರಾಳವಾಗಿ ಒಯ್ಯಿರಿ. ಪೇಡ, ಪನೀರ್, ತುಪ್ಪದ ಡಬ್ಬಿ ಬೇಡ; ಯುರೋಪಿನ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಹಸಿ ಕರಿಬೇವಿಗೂ ತಡೆಯಿದೆ. ಭಾನುವಾರ ದಿನಸಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಶನಿವಾರವೂ ಸಂಜೆಗೇ ಬಾಗಿಲು ಹಾಕುತ್ತಾರೆ. ಎರಡು ದಿನದ ಬ್ರೆಡ್ಡು, ಹಣ್ಣು, ಮೊಸರು ಶನಿವಾರ ಮಧ್ಯಾಹ್ನವೇ ಕೊಂಡಿಡಿ. ನಲ್ಲಿನೀರು ಧೈರ್ಯವಾಗಿ ಕುಡಿಯಬಹುದು.

ದಾರಿಯಲ್ಲಿ ನೋಡಬೇಕಾದ್ದನ್ನೆಲ್ಲ ಹೇಳಹೊರಟರೆ ಮುಗಿಯದು. ಶ್ಲೋಗನ್‌ನಲ್ಲಿ ನದಿ ಗಟ್ಟಿ ಬಂಡೆಗೆ ಹಾಯ್ದು ಬಂದ ದಿಕ್ಕಿಗೇ ತಿರುಗುವ ಬಳಸನ್ನು ಮೇಲಿನ ನೋಟದ ಕಟ್ಟೆಗೆ ನಡೆದು ನೋಡಿ. ಯೋಖನ್‌ಸ್ಟೈನ್‌ನಲ್ಲಿ ಸರಕು ಹಡಗೊಂದು ತೂಬಿನ ಕೋಣೆಯೊಳಗೆ ನಿಂತು ಹತ್ತು ಮೀಟರಿನಷ್ಟು ಕೆಳಗಿಳಿಯುವುದನ್ನು ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ, ಅವಸರ ಮಾಡಬೇಡಿ. ಮೌಟ್‌ಹೌಸನ್‌ನ ಗುಡ್ಡದ ಮೇಲೆ 1938ರಿಂದ 1945ರವರೆಗೆ ನಾಜಿಗಳ ಸೆರೆಶಿಬಿರವಿತ್ತು. ಅಲ್ಲಿ ಮತ್ತು ಅದರ ಉಪಶಿಬಿರಗಳಲ್ಲಿ ಕನಿಷ್ಠ 90,000 ಜನ ಸತ್ತರು. ಹದಿಹರೆಯದ ಮಕ್ಕಳಿದ್ದರೆ ಹೋಗಲೇಬೇಕು. ಚಿಕ್ಕವರಿದ್ದರೆ ದೊಡ್ಡವರು ಸರದಿಯಲ್ಲಿ ಹೋಗಿಬನ್ನಿ, ಏರು ಕಡಿದು, ಸೈಕಲ್ ಕೆಳಗೇ ಬಿಡಿ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಮೂವತ್ತಾರು ಕಿ.ಮೀ. ಕಣಿವೆಯ ಹೆಸರು ವಾಖಾವ್, 2000ದಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಅಲ್ಲಿಯವರೆಗೆ ಒಂದರ ಹಿಂದೊಂದು ವಿದ್ಯುತ್ ಅಣೆಕಟ್ಟುಗಳಿಂದ ಕೆರೆಯಂತೆ ನಿಂತಿದ್ದ ಡ್ಯಾನ್ಯೂಬ್ ಇಲ್ಲಿ ತಡೆಯಿಲ್ಲದೆ ಹರಿಯುತ್ತದೆ. ನೀರಿನ ಸದ್ದೇ ಬೇರೆ. ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿದ ದ್ರಾಕ್ಷಿ ತೋಟ, ಅದರ ಕೆಳಗೆ ಜರ್ದಾಳು ಮರಗಳು. ಹಣ್ಣಿನ ಕೊಯ್ಲು ಜುಲೈ ನಡುವಿಗೆ, ಆದರೆ ಜರ್ದಾಳು ತುಂಬಿದ ಕಡುಬು, ಜಾಮು, ರಸ ಮೇ ತಿಂಗಳಲ್ಲೂ ಸಿಗುತ್ತವೆ. ಡ್ಯುರ್ನ್‌ಸ್ಟೈನ್‌ನ ಹಾಳುಕೋಟೆಯಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್ 1192ರ ಚಳಿಗಾಲದಲ್ಲಿ ಸೆರೆಯಾಗಿದ್ದ. ವಿಲೆನ್‌ಡೋರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ 1908ರಲ್ಲಿ ರೈಲುಹಾದಿಯ ಕೆಲಸದ ವೇಳೆ ಸಿಕ್ಕಿದ ಹನ್ನೊಂದು ಸೆಂ.ಮೀ. ಎತ್ತರದ ಕಲ್ಲಿನ ಹೆಣ್ಣುಮೂರ್ತಿ ಸುಮಾರು ಮೂವತ್ತು ಸಾವಿರ ವರ್ಷ ಹಳೆಯದು. ಅಲ್ಲಿರುವುದು ಪ್ರತಿ, ಅಸಲು ವಿಯೆನ್ನಾದ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳಿಗೆ ಇಲ್ಲಿ ತೋರಿಸಿ ಅಲ್ಲಿ ಹುಡುಕಲು ಬಿಡಿ.

ಟುಲ್ನ್‌ಗೆ ಮೊದಲು, ಬಲದಂಡೆಯಲ್ಲಿ, ತ್ಸ್ವೆಂಟೆನ್‌ಡೋರ್ಫ್ ಅಣುವಿದ್ಯುತ್ ಸ್ಥಾವರದ ಪಕ್ಕದಲ್ಲೇ ಸೈಕಲ್ ಹಾದುಹೋಗುತ್ತದೆ. ಪೂರ್ತಿ ಕಟ್ಟಿ ಮುಗಿಸಿದ್ದ ಸ್ಥಾವರ. 1978ರ ನವೆಂಬರ್‌ನಲ್ಲಿ ಜನಮತ ಕೇಳಿದಾಗ ಶೇಕಡ 50.47 ಜನ ಬೇಡವೆಂದರು, ಒಂದು ದಿನವೂ ಚಾಲೂ ಆಗಲಿಲ್ಲ. ಕೈಗಾ ಇರುವ ನಾಡಿನಿಂದ ಹೋದವರು ಅಲ್ಲಿ ಐದು ನಿಮಿಷ ನಿಲ್ಲದೆ ಮುಂದೆ ಹೋಗಲಾರರು.

ವಿಯೆನ್ನಾ ಹತ್ತಿರವಾದಂತೆ ದಾರಿಯಲ್ಲಿ ಜನ, ನಾಯಿ, ವೇಗದ ಸೈಕಲ್ಲುಗಳು ಹೆಚ್ಚುತ್ತವೆ. ದಣಿದ ಮಕ್ಕಳಿದ್ದರೆ ಕ್ಲೋಸ್ಟರ್‌ನೊಯ್‌ಬುರ್ಗ್‌ನಲ್ಲಿ ನಿಂತು ನಗರದ ರೈಲು ಹತ್ತಿ. ಬಾಡಿಗೆ ಸೈಕಲ್ ಹಿಂತಿರುಗಿಸುವ ಜಾಗ ಸಂಜೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಪಾಸಾವ್‌ನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಮರುದಿನ ಬೆಳಗ್ಗೆ ಕೊಡುವಂತೆ ಮಾತಾಡಿಕೊಳ್ಳಿ. ಆಗ ಆ ಸಂಜೆ ನದಿಯ ನಡುವಿನ 21 ಕಿ.ಮೀ. ಉದ್ದದ ಡೊನಾವ್‌ಇನ್ಸೆಲ್ ದ್ವೀಪದಲ್ಲಿ, ಕಾರಿಲ್ಲದ ಅಗಲ ದಾರಿಯಲ್ಲಿ, ಮಕ್ಕಳು ಬೇಕಾದಷ್ಟು ದೂರ ಹೋಗಿಬರಬಹುದು. ಸ್ಲೊವಾಕಿಯಾದ ಬ್ರಾಟಿಸ್ಲಾವಾವರೆಗೆ ಇನ್ನೂ ಅರವತ್ತೈದು ಕಿ.ಮೀ. ಮುಂದುವರಿಯೋಣವೇ ಎಂದು ದೊಡ್ಡವರಿಗೆ ಆಸೆಯಾಗುತ್ತದೆ. ಅದು ಏರಿಯ ಮೇಲಿನ ನೇರ, ನೆರಳಿಲ್ಲದ ಹಾದಿ, ನಡುವೆ ಊರುಗಳೂ ಕಡಿಮೆ. ಚಿಕ್ಕವರಿದ್ದರೆ ಸೈಕಲ್ ಹಿಂತಿರುಗಿಸಿ ಹಡಗಿನಲ್ಲಿ ಹೋಗಿಬನ್ನಿ.